ಒಂದೇ ಸ್ಕ್ರಿಪ್ಟ್, ಮೂರು ಕಡೆ ಮೂರು ಮೊತ್ತ: ತಪ್ಪು ಎಲ್ಲಿದೆ?

ಪ್ರಶ್ನೆ: ನಮ್ಮಲ್ಲಿ ದಿನಕ್ಕೊಂದು ಅಳತೆಯ ಫೈಲ್ ಬರುತ್ತದೆ. ಸಾಲಿಗೊಂದು ಸಂಖ್ಯೆ, ಪಾಯಿಂಟ್ ಆದಮೇಲೆ ಮೂರು ಅಂಕಿ. ಪ್ರತಿ ಸಾಲನ್ನೂ ಎರಡು ಅಂಕಿಗೆ ರೌಂಡ್ ಮಾಡಿ, ಎಲ್ಲವನ್ನೂ ಕೂಡಿಸುವ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಓಡಿಸುವ ಫೈಲ್) ಬರೆದಿದ್ದೇನೆ. ರೌಂಡ್ ಮಾಡಲು ಬ್ಯಾಶ್ ಎಂಬ ಶೆಲ್‌ನ ಅಚ್ಚು ಹಾಕುವ ಕಮಾಂಡ್ ಪ್ರಿಂಟ್‌ಎಫ್, ಕೂಡಿಸಲು ಬಿ.ಸಿ. ಎಂಬ ಲೆಕ್ಕದ ಪ್ರೋಗ್ರಾಂ. ನನ್ನ ಇಂಟೆಲ್ ಲ್ಯಾಪ್‌ಟಾಪ್‌ಗೂ ಆರ್ಮ್ ಸರ್ವರ್‌ಗೂ (ಎರಡೂ ಲಿನಕ್ಸ್) ಮೊತ್ತದಲ್ಲಿ 0.37 ವ್ಯತ್ಯಾಸ ಬರುತ್ತಿದೆ. ಡೆಬಿಯನ್ ಎಂಬ ಲಿನಕ್ಸ್‌ನ ಚಿಕ್ಕ ಕಂಟೇನರ್‌ಗೆ (ಬೇಕಾದಷ್ಟೇ ಪ್ರೋಗ್ರಾಂ ತುಂಬಿದ ಡಬ್ಬ) ಹಾಕಿದರೆ ಬಿ.ಸಿ. ಇಲ್ಲವೇ ಇಲ್ಲ ಅನ್ನುತ್ತದೆ. ಅದನ್ನು ಆಕ್‌ಗೆ (ಫೈಲನ್ನು ಸಾಲುಸಾಲಾಗಿ ಓದಿ ಲೆಕ್ಕ ಮಾಡುವ ಪ್ರೋಗ್ರಾಂ) ಬದಲಾಯಿಸಿದೆ, ಮೊತ್ತ 1.23457ಇ+06, ಅಂದರೆ 1.23457 ಗುಣಿಸು ಹತ್ತು ಲಕ್ಷ, ಅಂತ ಬಂತು. ಸಹೋದ್ಯೋಗಿಯ ಹಳೆಯ ಮ್ಯಾಕ್‌ನಲ್ಲಿ ಸಮಯ ಅಳೆಯುವ ಸಾಲೂ ಕೈಕೊಟ್ಟಿತು. ಒಬ್ಬರು 'ಶೆಲ್‌ಗೆ ದಶಮಾಂಶ ಬರಲ್ಲ, ಪೈಥಾನ್‌ಗೆ ಹೋಗಿ' ಅಂತಾರೆ. ಇನ್ನೊಬ್ಬರು 'ಬಿ.ಸಿ. ಮಾತ್ರ ನಂಬಿ' ಅಂತಾರೆ. ಯಾರ ಮಾತು ಸರಿ? ಇಷ್ಟು ದಿನ ಕಳಿಸಿದ ವರದಿಗಳು ತಪ್ಪಾ?

ಉತ್ತರ: ನಿಮಗೆ ನಿಜವಾಗಿ ಕಾಡುತ್ತಿರುವುದು ಆ ಕೊನೆಯ ಪ್ರಶ್ನೆ ಅನ್ನಿಸುತ್ತದೆ. ಅದಕ್ಕೇ ಅದನ್ನು ಮೊದಲು ಹೇಳಿಬಿಡುತ್ತೇನೆ. 'ಸರಿಯಾಗಿ ಅರ್ಧ ಬಂದರೆ ಮೇಲಕ್ಕೆ' ಎಂಬುದು ನಿಮ್ಮ ನಿಯಮವಾಗಿದ್ದರೆ, ಎರಡೂ ಯಂತ್ರಗಳ ಮೊತ್ತವನ್ನೂ ನಂಬುವ ಹಾಗಿಲ್ಲ. ಲ್ಯಾಪ್‌ಟಾಪ್ ಸರಿ ಸರ್ವರ್ ತಪ್ಪು ಅಂತಲೂ ಅಲ್ಲ, ಅದರ ಉಲ್ಟಾವೂ ಅಲ್ಲ. ಮೂಲ ಫೈಲ್‌ಗಳು ನಿಮ್ಮ ಹತ್ತಿರ ಇದ್ದರೆ ಮತ್ತೆ ಓಡಿಸಿ ಸರಿಮಾಡಬಹುದು. ದಯವಿಟ್ಟು ಅವನ್ನು ಅಳಿಸಬೇಡಿ.

ನಿಮ್ಮ ಫೈಲ್‌ನಲ್ಲಿ ಬರುವಂಥ ಒಂದು ಸಾಲನ್ನೇ ಹಿಡಿದುಕೊಳ್ಳೋಣ: 1.065. ಇಂಟೆಲ್ ಲಿನಕ್ಸ್‌ನಲ್ಲಿ ಬ್ಯಾಶ್‌ನ ಪ್ರಿಂಟ್‌ಎಫ್‌ಗೆ ಇದನ್ನು ಕೊಟ್ಟು ಎರಡು ಅಂಕಿಗೆ, ಅಂದರೆ %.2ಎಫ್ ಅಂತ ಕೇಳಿದರೆ 1.07 ಬರುತ್ತದೆ. ಆರ್ಮ್ ಲಿನಕ್ಸ್‌ನಲ್ಲಿ ಅದೇ ಬ್ಯಾಶ್, ಅದೇ ಸಾಲು, ಆದರೆ 1.06. ಡೆಬಿಯನ್‌ನ ಡ್ಯಾಶ್ ಶೆಲ್‌ನಲ್ಲಿ ಯಾವ ಪ್ರೊಸೆಸರ್ ಇದ್ದರೂ 1.06.

ಯಾಕೆ ಹೀಗೆ? ನಾವು ಬರೆಯುವುದು ಹತ್ತರ ಲೆಕ್ಕದಲ್ಲಿ, ಯಂತ್ರ ಇಟ್ಟುಕೊಳ್ಳುವುದು ಎರಡರ ಲೆಕ್ಕದಲ್ಲಿ. ಹತ್ತರ ಲೆಕ್ಕದಲ್ಲಿ ಮೂರರಲ್ಲೊಂದು ಭಾಗವನ್ನು 0.333 ಅಂತ ಎಷ್ಟು ಬರೆದರೂ ಮುಗಿಯುವುದಿಲ್ಲ ಅಲ್ವಾ? ಎರಡರ ಲೆಕ್ಕದಲ್ಲಿ 1.065ಕ್ಕೂ ಅದೇ ಗತಿ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಡಬಲ್ ಅನ್ನುವ ಮಾಮೂಲಿ ಬಗೆಯಲ್ಲಿ 53 ಬಿಟ್ ಜಾಗ ಇರುತ್ತದೆ. ಅಲ್ಲಿ ಕತ್ತರಿಸಿದಾಗ 1.065 ಹೋಗಿ 1.0649999999999999467 ಹತ್ತಿರ ಕೂರುತ್ತದೆ. ಅರ್ಧಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಹಾಗಾಗಿ ರೌಂಡ್ ಮಾಡಿದರೆ 1.06.

ಬ್ಯಾಶ್‌ನ ಪ್ರಿಂಟ್‌ಎಫ್ ಮಾತ್ರ ಸಾಮಾನ್ಯವಾಗಿ ಡಬಲ್ ಬಳಸುವುದಿಲ್ಲ, ಲಾಂಗ್ ಡಬಲ್ ಬಳಸುತ್ತದೆ. ಈ ಲಾಂಗ್ ಡಬಲ್ ಎಲ್ಲ ಕಡೆ ಒಂದೇ ಅಲ್ಲ. ಇಂಟೆಲ್ ಲಿನಕ್ಸ್‌ನಲ್ಲಿ ಅದಕ್ಕೆ 64 ಬಿಟ್ ಜಾಗ. ಅಲ್ಲಿ 1.065 ಕತ್ತರಿಸಿದಾಗ ನಿಜವಾದ ಬೆಲೆಗಿಂತ ಒಂಚೂರು ಮೇಲೆ ಬೀಳುತ್ತದೆ, ರೌಂಡ್ ಆಗಿ 1.07 ಆಗುತ್ತದೆ. ಆರ್ಮ್ ಲಿನಕ್ಸ್‌ನಲ್ಲಿ 113 ಬಿಟ್ ಜಾಗ. ಅಲ್ಲಿ ಮತ್ತೆ ಒಂಚೂರು ಕೆಳಗೆ ಬೀಳುತ್ತದೆ, 1.06 ಆಗುತ್ತದೆ. ಬಿಟ್ ಜಾಸ್ತಿ ಆದಹಾಗೆ ಉತ್ತರ ಸರಿಯಾಗುತ್ತಾ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಇಲ್ಲಿ ನೋಡಿ, 53ರಲ್ಲಿ ಕೆಳಗೆ, 64ರಲ್ಲಿ ಮೇಲೆ, 113ರಲ್ಲಿ ಮತ್ತೆ ಕೆಳಗೆ. ಸರಿಯಾಗಿ ಅರ್ಧದ ಮೇಲೆ ಕೂತ ಸಂಖ್ಯೆ ಯಾವ ಕಡೆ ವಾಲುತ್ತದೆ ಎಂಬುದಕ್ಕೂ ನಿಮ್ಮ ಅಳತೆಗೂ ಸಂಬಂಧವೇ ಇಲ್ಲ.

ಹಾಗಂತ ಇಂಟೆಲ್ ಕೊಟ್ಟ 1.07 ನೋಡಿ 'ಇದೇ ಸರಿ' ಅಂದುಕೊಳ್ಳಬೇಡಿ. 1.005 ಕೊಟ್ಟು ನೋಡಿ. ಮೂರೂ ಕಡೆ 1.00 ಬರುತ್ತದೆ, 1.01 ಅಲ್ಲ. ಇನ್ನು 0.125 ತರಹದ ಸಂಖ್ಯೆ ಎರಡರ ಲೆಕ್ಕದಲ್ಲೂ ಚೊಕ್ಕವಾಗಿ ಕೂರುತ್ತದೆ, ಕತ್ತರಿಸುವ ಪ್ರಶ್ನೆಯೇ ಇಲ್ಲ. ಆದರೂ ಉತ್ತರ 0.12. ಯಾಕೆಂದರೆ ಸರಿಯಾಗಿ ಅರ್ಧ ಬಂದಾಗ ಪ್ರಿಂಟ್‌ಎಫ್ ಹತ್ತಿರದ ಸಮಸಂಖ್ಯೆಯ ಕಡೆ ಹೋಗುತ್ತದೆ. ಅದೇ ನಿಯಮದಿಂದ 0.375 ಮಾತ್ರ 0.38 ಆಗುತ್ತದೆ. ಶಾಲೆಯಲ್ಲಿ ಕಲಿತ 'ಐದು ಬಂದರೆ ಮೇಲಕ್ಕೆ' ಇಲ್ಲಿ ನಡೆಯುವುದಿಲ್ಲ.

ನಿಮ್ಮ ಫೈಲ್‌ನಲ್ಲಿ ಮೂರು ಅಂಕಿ, ಬೇಕಿರುವುದು ಎರಡು. ಅಂದರೆ ಐದರಿಂದ ಮುಗಿಯುವ ಪ್ರತಿ ಸಾಲೂ ಹೀಗೆ ಅರ್ಧದ ಮೇಲೇ ಕೂತಿರುತ್ತದೆ. ಅಂಥವು ಸಾವಿರಾರು ಸೇರಿದರೆ 0.37 ಬಂದಿದ್ದರಲ್ಲಿ ಆಶ್ಚರ್ಯವಿಲ್ಲ. ಬಿ.ಸಿ. ಪಾಪ, ನಿಮ್ಮ ಸ್ಕ್ರಿಪ್ಟ್‌ನಲ್ಲಿ ಏನೂ ತಪ್ಪು ಮಾಡಿಲ್ಲ. ಕೊಟ್ಟಿದ್ದನ್ನು ಸರಿಯಾಗೇ ಕೂಡಿಸಿದೆ. ಅದಕ್ಕೆ ಕೊಡುವ ಮೊದಲೇ ಸಂಖ್ಯೆ ಹಾಳಾಗಿತ್ತು.

ಇನ್ನು 'ಶೆಲ್‌ಗೆ ದಶಮಾಂಶ ಬರಲ್ಲ' ಎಂಬ ಮಾತು. ಇದು ಅರ್ಧ ನಿಜ. ಪೋಸಿಕ್ಸ್ (ಯುನಿಕ್ಸ್ ಬಗೆಯ ಯಂತ್ರಗಳಿಗೆಲ್ಲ ಸಾಮಾನ್ಯವಾದ ನಿಯಮಾವಳಿ) ಹೇಳುವ ಶೆಲ್ ಲೆಕ್ಕ, ಅಂದರೆ ಡಾಲರ್ ಚಿಹ್ನೆ ಹಾಕಿ ಜೋಡಿ ಕಂಸದಲ್ಲಿ ಬರೆಯುವ ಲೆಕ್ಕ, ಪೂರ್ಣಾಂಕಕ್ಕೆ ಮಾತ್ರ. ಬ್ಯಾಶ್ ಮತ್ತು ಡ್ಯಾಶ್ ಅಷ್ಟಕ್ಕೇ ನಿಲ್ಲುತ್ತವೆ. 7 ಭಾಗಿಸು 2 ಅಂದರೆ 3. ಝಡ್‌ಶೆಲ್ ಮತ್ತು ಕಾರ್ನ್ ಶೆಲ್‌ನ 93ರ ಆವೃತ್ತಿಗೆ ದಶಮಾಂಶ ಬರುತ್ತದೆ. ಆದರೆ ಅದನ್ನು ನಂಬಿ ಬರೆದ ಸ್ಕ್ರಿಪ್ಟ್ ನಿಮ್ಮ ಕಂಟೇನರ್‌ನಲ್ಲಿ ಓಡಲ್ಲ. ಹೋಲಿಕೆಯಲ್ಲೂ ಹುಷಾರು. ಚೌಕ ಕಂಸದೊಳಗೆ 'ದೊಡ್ಡದಾ' ಅಂತ ಕೇಳುವ ಮೈನಸ್ ಜಿಟಿಗೆ 1.5 ಕೊಟ್ಟರೆ ಪೂರ್ಣಾಂಕ ಬೇಕು ಅಂತ ಬೈಯುತ್ತದೆ. ಅದು ಒಳ್ಳೆಯದೇ, ತಪ್ಪು ಗೊತ್ತಾಗುತ್ತದೆ. ಅದರ ಬದಲು ಒಂಟಿ ಚೌಕ ಕಂಸದಲ್ಲಿ > ಚಿಹ್ನೆ ಹಾಕಿದರೆ ಶೆಲ್ ಅದನ್ನು ಹೋಲಿಕೆ ಅಂತ ತಿಳಿಯುವುದೇ ಇಲ್ಲ. 1.5ನ್ನು 1ರ ಜೊತೆ ಹೋಲಿಸಲು ಹೊರಟಿದ್ದರೆ, 1 ಎಂಬ ಹೆಸರಿನ ಖಾಲಿ ಫೈಲ್ ಮಾಡಿ 'ಹೌದು' ಅನ್ನುತ್ತದೆ. ಫೋಲ್ಡರ್‌ನಲ್ಲಿ 1, 10 ಅಂತ ಯಾರೂ ಮಾಡದ ಫೈಲ್‌ಗಳು ಕಂಡರೆ ನಾನು ಮೊದಲು ಹುಡುಕುವುದು ಇದನ್ನೇ.

ಆಕ್‌ನ 1.23457ಇ+06 ನೋಡಿ ಗಾಬರಿ ಆಗಬೇಡಿ. ಮೊತ್ತ ಒಳಗೆ ಸರಿಯಾಗೇ ಇತ್ತು, ಅಚ್ಚು ಹಾಕುವಾಗ ಮೊಟಕಾಯಿತು. ಪೂರ್ಣಾಂಕವಲ್ಲದ ಲೆಕ್ಕದ ಉತ್ತರವನ್ನು ಸುಮ್ನೆ ಪ್ರಿಂಟ್ ಅಂದರೆ ಆಕ್ ಆರೇ ಮುಖ್ಯ ಅಂಕಿಗಳನ್ನು ತೋರಿಸುತ್ತದೆ. ಅದರ ಒಎಫ್‌ಎಂಟಿ ಎಂಬ ವೇರಿಯಬಲ್‌ನಲ್ಲಿ ಮೊದಲಿಂದ ಇರುವ ಬೆಲೆಯೇ %.6ಜಿ. ಮೊತ್ತ 1234567.89 ಇದ್ದರೆ ಆರು ಅಂಕಿ ಸಾಲದೆ ಇ+06ಕ್ಕೆ ಹೋಗುತ್ತದೆ. ಇದಕ್ಕಿಂತ ನನಗೆ ಭಯ ಜಾಸ್ತಿ ಇರುವುದು ಮೊತ್ತ ಚಿಕ್ಕದಿದ್ದಾಗ. 12345.67 ಇದ್ದರೆ 12345.7 ಅಂತ ಬರುತ್ತದೆ. ನೋಡಲು ಚೆನ್ನಾಗಿಯೇ ಇದೆ, ಯಾರಿಗೂ ಅನುಮಾನ ಬರಲ್ಲ, ಒಂದು ಅಂಕಿ ಹೋಗಿರುತ್ತದೆ. ಆಕ್‌ನಲ್ಲಿ ದಶಮಾಂಶಕ್ಕೆ ಬರೀ ಪ್ರಿಂಟ್ ಬೇಡವೇ ಬೇಡ. ಯಾವಾಗಲೂ ಪ್ರಿಂಟ್‌ಎಫ್, ಎಷ್ಟು ಅಂಕಿ ಅಂತ ಬಾಯಿಬಿಟ್ಟು ಹೇಳಿ. ದೊಡ್ಡ ಪೂರ್ಣಾಂಕಕ್ಕೆ %ಡಿ ಬದಲು %.0ಎಫ್ ಬಳಸಿ. ಹಳೆಯ ಡೆಬಿಯನ್, ಉಬುಂಟುಗಳಲ್ಲಿ ಆಕ್ ಹೆಸರಲ್ಲಿ ಇದ್ದದ್ದು ಮಾಕ್ ಎಂಬ ಬಗೆಯ 1.3.3 ಆವೃತ್ತಿ. ಅದು %ಡಿಗೆ 2147483647 ದಾಟಿದ್ದನ್ನು ಕೊಟ್ಟರೂ ಅಲ್ಲೇ ನಿಂತುಬಿಡುತ್ತಿತ್ತು.

ಬಿ.ಸಿ. ಬಗ್ಗೆ ಇರುವ ನಂಬಿಕೆ ಇನ್ನೊಂದು. ಅದು ಹತ್ತರ ಲೆಕ್ಕದಲ್ಲೇ ಕೆಲಸ ಮಾಡುತ್ತದೆ, ನಿಜ. 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ .3. ಆಕ್‌ನಲ್ಲಿ 0.1ನ್ನು ಹತ್ತು ಸಲ ಕೂಡಿಸಿ 1ಕ್ಕೆ ಸಮವಾ ಅಂತ ಕೇಳಿದರೆ 'ಇಲ್ಲ' ಅನ್ನುತ್ತದೆ, ಏಕೆಂದರೆ ಒಳಗೆ ಇರುವುದು 0.9999999999999999. ಆದರೆ ಬಿ.ಸಿ. ಭಾಗಿಸುವಾಗ ರೌಂಡ್ ಮಾಡುವುದಿಲ್ಲ, ಕತ್ತರಿಸುತ್ತದೆ. ಸ್ಕೇಲ್, ಅಂದರೆ ಪಾಯಿಂಟ್ ಆದಮೇಲೆ ಎಷ್ಟು ಅಂಕಿ ಎಂಬುದನ್ನು, 2 ಇಟ್ಟು 2ನ್ನು 3ರಿಂದ ಭಾಗಿಸಿದರೆ .66, .67 ಅಲ್ಲ. ಸ್ಕೇಲ್ ಹೇಳದೇ ಇದ್ದರೆ ಅದು 0, ಆಗ ಉತ್ತರವೂ 0. ಮೈನಸ್ ಎಲ್ ಕೊಟ್ಟರೆ ಸ್ಕೇಲ್ 20 ಆಗುತ್ತದೆ.

ಇನ್ನೊಂದು ಸಣ್ಣ ವಿಷಯ ನನ್ನನ್ನು ಒಮ್ಮೆ ಒಂದು ಇಡೀ ದಿನ ತಿಂದಿದೆ. ಬಿ.ಸಿ. ಅರ್ಧವನ್ನು 0.5 ಅಂತ ಬರೆಯಲ್ಲ, .5 ಅಂತ ಬರೆಯುತ್ತದೆ. ನನ್ನ ಸ್ಕ್ರಿಪ್ಟ್ ಅದನ್ನು ಹಾಗೇ ಜೇಸನ್ ಫೈಲ್‌ಗೆ (ಪ್ರೋಗ್ರಾಂಗಳು ಡೇಟಾ ಹಂಚಿಕೊಳ್ಳುವ ಒಂದು ರೂಪ) ಹಾಕುತ್ತಿತ್ತು. ಜೇಸನ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಸಂಖ್ಯೆ ತಪ್ಪು. ಮೊತ್ತ ಒಂದಕ್ಕಿಂತ ಜಾಸ್ತಿ ಇದ್ದ ದಿನ ಎಲ್ಲ ಸರಿ, ಕಡಿಮೆ ಇದ್ದ ದಿನ ಮಾತ್ರ ಆ ಕಡೆಯವರು ಫೈಲ್ ತಿರಸ್ಕರಿಸುತ್ತಿದ್ದರು. ದಿನ ಬಿಟ್ಟು ದಿನ ಕೆಡುವ ತಪ್ಪನ್ನು ಹಿಡಿಯುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಿರುತ್ತದೆ.

ಪೋಸಿಕ್ಸ್ ಪಟ್ಟಿಯಲ್ಲಿ ಬಿ.ಸಿ., ಆಕ್ ಎರಡೂ ಇವೆ. ಹಾಗಿದ್ದೂ ನಿಮ್ಮ ಕಂಟೇನರ್‌ನಲ್ಲಿ ಒಂದು ಇತ್ತು, ಒಂದು ಇರಲಿಲ್ಲ. ಪಟ್ಟಿಯಲ್ಲಿ ಇರುವುದು ಬೇರೆ, ಡಬ್ಬದೊಳಗೆ ಇರುವುದು ಬೇರೆ. ಡೆಬಿಯನ್ ತನ್ನ ಬುಡದಲ್ಲೇ ಒಂದು ಆಕ್ ಇರಬೇಕು ಅನ್ನುತ್ತದೆ, ಬಿ.ಸಿ.ಗೆ ಆ ಜಾಗ ಕೊಟ್ಟಿಲ್ಲ. ಅನುಭವದಲ್ಲಿ ಹೇಳುವುದಾದರೆ, ಹೋದ ಕಡೆಯೆಲ್ಲ ಸಿಗುವುದು ಆಕ್.

ಹಾಗಾದರೆ ಏನು ಮಾಡಬೇಕು? ಕೋಡ್ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಪ್ರತಿ ಸಾಲನ್ನೂ ರೌಂಡ್ ಮಾಡಲೇಬೇಕಾ? 1.065 ನೂರು ಸಾಲು ಇದ್ದರೆ ನಿಜವಾದ ಮೊತ್ತ 106.50. ಸಾಲುಸಾಲಿಗೆ ಮೇಲಕ್ಕೆ ರೌಂಡ್ ಮಾಡಿದರೆ 107.00, ಕೆಳಕ್ಕೆ ಮಾಡಿದರೆ 106.00. ಅಂಥ ನಿಯಮ ಯಾರೂ ಹಾಕಿಲ್ಲ ಅಂದರೆ, ಮೂರು ಅಂಕಿ ಇದ್ದ ಹಾಗೇ ಕೂಡಿಸಿ, ಕೊನೆಯಲ್ಲಿ ಒಂದೇ ಸಲ ರೌಂಡ್ ಮಾಡಿ. ಆಕ್‌ನಲ್ಲಿ ಒಂದೇ ಸಾಲಿನ ಕೆಲಸ ಇದು: ಬಂದದ್ದನ್ನು ಕೂಡಿಸುತ್ತಾ ಹೋಗು, ಕೊನೆಗೆ %.2ಎಫ್‌ನಲ್ಲಿ ಅಚ್ಚು ಹಾಕು. ಆಗ ಬರೀ ಒಂದು ಸಂಖ್ಯೆ, ಅಂದರೆ ಕೊನೆಯ ಮೊತ್ತ, ಅರ್ಧದ ಮೇಲೆ ಕೂತರೆ ಮಾತ್ರ ತೊಂದರೆ. ಎಲ್ಲೆಡೆ ಆಕ್ ಬಳಸುವುದು ಡಬಲ್, ಹಾಗಾಗಿ ಯಂತ್ರದಿಂದ ಯಂತ್ರಕ್ಕೆ ಉತ್ತರ ಅಲುಗಾಡುವುದಿಲ್ಲ. ನಾನಾಗಿದ್ದರೆ ಇದನ್ನೇ ಆರಿಸುತ್ತಿದ್ದೆ.

ಸಾಲುಸಾಲಿಗೆ ರೌಂಡ್ ಮಾಡುವುದೇ ನಿಯಮ ಅಂದರೆ, ದಶಮಾಂಶ ಬಿಟ್ಟು ಪೂರ್ಣಾಂಕಕ್ಕೆ ಬನ್ನಿ, ಆದರೆ ಆಕ್ ಒಳಗೇ. ಸಾಲಿನ ಸಂಖ್ಯೆಯನ್ನು 1000ದಿಂದ ಗುಣಿಸಿ, 0.5 ಸೇರಿಸಿ, ಇಂಟ್ (ಪಾಯಿಂಟ್ ಆಚೆಯದನ್ನು ಕತ್ತರಿಸುವ ಫಂಕ್ಷನ್) ಹಾಕಿ. 1.065 ಈಗ 1065. ಕೂದಲೆಳೆಯ ತಪ್ಪು ಇಲ್ಲಿಗೆ ಹೋಯಿತು. ಇದಕ್ಕೆ 5 ಸೇರಿಸಿ 10ರಿಂದ ಭಾಗಿಸಿ ಮತ್ತೆ ಇಂಟ್ ಹಾಕಿದರೆ 107. ಈ ನೂರನೇ ಭಾಗಗಳನ್ನೇ ಕೂಡಿಸುತ್ತಾ ಹೋಗಿ, ಕೊನೆಯಲ್ಲಿ 100ರಿಂದ ಭಾಗಿಸಿ ಅಚ್ಚು ಹಾಕಿ. ಡಬಲ್‌ನಲ್ಲಿ ಪೂರ್ಣಾಂಕಗಳು 9007199254740992 ತನಕ ಒಂದೂ ತಪ್ಪದೆ ಕೂರುತ್ತವೆ. ನಿಮ್ಮ ಅಳತೆಗೆ ಬೇಕಾದಷ್ಟು ಜಾಗ ಇದೆ. ಮೈನಸ್ ಸಂಖ್ಯೆಗಳು ಬರುವುದಾದರೆ ಚಿಹ್ನೆಯನ್ನು ಮೊದಲು ತೆಗೆದಿಟ್ಟು, ಕೊನೆಗೆ ಹಚ್ಚಿ. ಇಲ್ಲದಿದ್ದರೆ 5 ಸೇರಿಸುವುದು ಉಲ್ಟಾ ಹೊಡೆಯುತ್ತದೆ.

ಆಕ್‌ನದ್ದೂ ಒಂದು ದೊಡ್ಡ ಅಪಾಯ ಇದೆ, ಅದನ್ನು ಮುಚ್ಚಿಡಲಾರೆ. ಅದು ತಪ್ಪು ಡೇಟಾ ಬಂದರೆ ದೂರುವುದಿಲ್ಲ. ಸಾಲಿನಲ್ಲಿ ಸಂಖ್ಯೆ ಬದಲು ಅಕ್ಷರ ಇದ್ದರೆ ಸೊನ್ನೆ ಅಂದುಕೊಂಡು ಮುಂದೆ ಹೋಗುತ್ತದೆ. ಚುಕ್ಕೆಯ ಜಾಗದಲ್ಲಿ ಕಾಮಾ ಇದ್ದು 1,065 ಅಂತ ಬಂದರೆ 1 ಅಂತ ಓದುತ್ತದೆ. ಹಾಗಾಗಿ ಕೂಡಿಸುವ ಮೊದಲು ಸಾಲು ಅಂಕಿ, ಚುಕ್ಕೆ, ಅಂಕಿ ಎಂಬ ರೂಪದಲ್ಲೇ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಸಾಲಿನ ನಂಬರ್ ಹೇಳಿ ನಿಲ್ಲಿಸಿ.

ಕಾಮಾ ಅಂದಾಗ ನೆನಪಾಯಿತು. ಸ್ಕ್ರಿಪ್ಟ್‌ನ ತಲೆಯಲ್ಲೇ ಎಲ್‌ಸಿ_ಆಲ್ ವೇರಿಯಬಲ್‌ಗೆ ದೊಡ್ಡಕ್ಷರದ ಸಿ ಹಾಕಿ ಎಕ್ಸ್‌ಪೋರ್ಟ್ ಮಾಡಿ. ಜರ್ಮನ್ ಲೊಕೇಲ್ (ಭಾಷೆ, ದೇಶದ ಸೆಟ್ಟಿಂಗ್) ಇರುವ ಯಂತ್ರದಲ್ಲಿ ದಶಮಾಂಶಕ್ಕೆ ಚುಕ್ಕೆ ಅಲ್ಲ, ಕಾಮಾ. ಅಲ್ಲಿ ಬ್ಯಾಶ್‌ನ ಪ್ರಿಂಟ್‌ಎಫ್‌ಗೆ 3.14 ಕೊಟ್ಟರೆ ಇದು ಸಂಖ್ಯೆಯಲ್ಲ ಅನ್ನುತ್ತದೆ, 3,00 ಅಚ್ಚು ಹಾಕುತ್ತದೆ.

ಪೂರ್ಣಾಂಕದ ಕೆಲಸವನ್ನು ಆಕ್ ಬಿಟ್ಟು ಶೆಲ್‌ನಲ್ಲೇ ಮಾಡಬಹುದಲ್ಲ ಅಂತ ಅನ್ನಿಸಬಹುದು. ಮಾಡಬಹುದು, ಆದರೆ ಅಲ್ಲಿ ಒಂದು ಗುಂಡಿ ಇದೆ. 0.065ರ ಚುಕ್ಕೆ ತೆಗೆದರೆ 0065. ಸೊನ್ನೆಯಿಂದ ಶುರುವಾಗುವ ಸಂಖ್ಯೆ ಬ್ಯಾಶ್‌ಗೂ ಡ್ಯಾಶ್‌ಗೂ ಎಂಟರ ಲೆಕ್ಕದ್ದು. ಅವು ಅದನ್ನು 53 ಅಂತ ಓದುತ್ತವೆ, ಒಂದು ಮಾತೂ ಆಡದೆ. ಝಡ್‌ಶೆಲ್ ಮಾತ್ರ 65 ಅಂತಲೇ ಓದುತ್ತದೆ, ಹಾಗಾಗಿ ಮ್ಯಾಕ್‌ನಲ್ಲಿ ಪರೀಕ್ಷೆ ಮಾಡಿದವರಿಗೆ ಗೊತ್ತೇ ಆಗಲ್ಲ. ಅಂಕಿಯಲ್ಲಿ 8 ಅಥವಾ 9 ಬಂದರೆ ಮಾತ್ರ ಬ್ಯಾಶ್ ದೂರುತ್ತದೆ. ತಿಂಗಳ ಸಂಖ್ಯೆಯನ್ನು ಡೇಟ್‌ನಿಂದ ತೆಗೆದು ಲೆಕ್ಕ ಮಾಡುತ್ತಿದ್ದ ನನ್ನದೇ ಒಂದು ಸ್ಕ್ರಿಪ್ಟ್ ಜುಲೈ 31ರ ತನಕ ಚೆನ್ನಾಗಿ ಓಡಿ, ಆಗಸ್ಟ್ 1ರ ಬೆಳಗ್ಗೆ 08 ನೋಡಿ ಬಿದ್ದುಹೋಗಿತ್ತು. ಎಲ್ಲ ಶೆಲ್‌ಗೂ ಹೊಂದುವ ಉಪಾಯ ಇದು: ಪಾಯಿಂಟ್ ಆಚೆಯ ಮೂರು ಅಂಕಿಯ ಮುಂದೆ 1 ಅಂಟಿಸಿ, ಆಮೇಲೆ 1000 ಕಳೆಯಿರಿ. 065 ಇದ್ದದ್ದು 1065 ಆಗಿ, ಕಳೆದ ಮೇಲೆ 65 ಉಳಿಯುತ್ತದೆ.

ಬಿ.ಸಿ. ಬೇಕೇಬೇಕು ಅಂದರೆ ಕಂಟೇನರ್‌ಗೆ ಅದನ್ನು ಹಾಕಿಸಿ. ಸ್ಕ್ರಿಪ್ಟ್ ಶುರುವಾದ ಕೂಡಲೇ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ಸ್ಕೇಲ್ 2 ಇಟ್ಟು, 0.005 ಸೇರಿಸಿ 1ರಿಂದ ಭಾಗಿಸಿದರೆ ಎರಡು ಅಂಕಿಗೆ ಮೇಲಕ್ಕೆ ರೌಂಡ್ ಆಗುತ್ತದೆ. ಸಾಲಿಗೊಂದು ಬಿ.ಸಿ. ಎಬ್ಬಿಸಬೇಡಿ, ಲಕ್ಷ ಸಾಲಿಗೆ ಲಕ್ಷ ಪ್ರಕ್ರಿಯೆ ಶುರುವಾಗಿ ಸ್ಕ್ರಿಪ್ಟ್ ತೆವಳುತ್ತದೆ. ಇಪ್ಪತ್ತು ಮೂವತ್ತು ಅಂಕಿಯ ಸಂಖ್ಯೆಗಳಿದ್ದರೆ ಮಾತ್ರ ನಾನು ಬಿ.ಸಿ. ಕಡೆ ಹೋಗುತ್ತೇನೆ.

ಪೈಥಾನ್‌ಗೆ ಹೋಗಿ ಅಂದವರು ಕೆಟ್ಟ ಸಲಹೆ ಏನೂ ಕೊಟ್ಟಿಲ್ಲ. ಅದರ ಡೆಸಿಮಲ್ ಮಾಡ್ಯೂಲ್‌ನಲ್ಲಿ ರೌಂಡ್ ಹೇಗೆ ಆಗಬೇಕು ಅಂತ ಹೆಸರು ಹಿಡಿದು ಹೇಳಬಹುದು. ಆದರೆ ಸುಮ್ನೆ ಪೈಥಾನ್‌ನಲ್ಲಿ ಬರೆದರೆ ಸಾಲದು. ಅದರ ಮಾಮೂಲಿ ಫ್ಲೋಟ್ ಕೂಡ ಅದೇ ಡಬಲ್. ರೌಂಡ್ ಫಂಕ್ಷನ್‌ಗೆ 1.065 ಕೊಟ್ಟರೆ ಅಲ್ಲೂ 1.06 ಬರುತ್ತದೆ. ಹಣದ ಲೆಕ್ಕ, ಹಲವು ಬಗೆಯ ರೌಂಡ್ ನಿಯಮ ಇರುವ ಕಡೆ ಖಂಡಿತ ಹೋಗಿ. ಒಂದು ಫೈಲ್ ಕೂಡಿಸಲು ಆಕ್ ಸಾಕು.

ಮ್ಯಾಕ್‌ನ ಸಮಯದ ಸಾಲಿನ ಕಥೆ ಚಿಕ್ಕದು. ಡೇಟ್‌ಗೆ ಕೊಡುವ ದೊಡ್ಡಕ್ಷರದ %ಎನ್, ಅಂದರೆ ನ್ಯಾನೊಸೆಕೆಂಡ್, ಗ್ನೂ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಕಮಾಂಡ್‌ಗಳ ಯೋಜನೆ) ತಂದ ಸೌಲಭ್ಯ. ಹಳೆಯ ಮ್ಯಾಕ್‌ಗೆ ಅದು ಅರ್ಥವಾಗದೆ ಕೊನೆಗೆ ಎನ್ ಅಕ್ಷರವನ್ನೇ ಅಚ್ಚು ಹಾಕುತ್ತದೆ. ಸೆಕೆಂಡ್ ಸಾಕು ಅಂದರೆ %ಎಸ್‌ಗೇ ನಿಲ್ಲಿಸಿ, ಇಲ್ಲದಿದ್ದರೆ ಟೈಮ್ ಕಮಾಂಡ್‌ಗೆ ಮೈನಸ್ ಪಿ ಕೊಡಿ. ಸ್ಲೀಪ್ 0.5 ಕೂಡ ಹಾಗೆಯೇ. ಗ್ನೂನಲ್ಲಿ, ಮ್ಯಾಕ್‌ನಲ್ಲಿ ನಡೆಯುತ್ತದೆ, ಆದರೆ ಪೋಸಿಕ್ಸ್ ಭರವಸೆ ಕೊಡುವುದು ಪೂರ್ಣ ಸೆಕೆಂಡ್‌ಗೆ ಮಾತ್ರ.

ಹೊಸ ಸ್ಕ್ರಿಪ್ಟ್ ಬರೆದ ಮೇಲೆ ಈ ಐದು ಸಾಲಿನ ಫೈಲ್ ಮಾಡಿ ಮೂರೂ ಕಡೆ ಓಡಿಸಿ: 1.005, 1.065, 0.125, 0.065, 1.010. ಐದು ಬಂದರೆ ಮೇಲಕ್ಕೆ ಎಂಬ ನಿಯಮಕ್ಕೆ ಮೊತ್ತ 3.29 ಬರಬೇಕು. ನಿಮ್ಮ ಹಳೆಯ ಸ್ಕ್ರಿಪ್ಟ್ ಇಂಟೆಲ್‌ನಲ್ಲೂ 3.26 ಕೊಡುತ್ತದೆ, ಆರ್ಮ್‌ನಲ್ಲೂ 3.26 ಕೊಡುತ್ತದೆ. ಮೊತ್ತ ಒಂದೇ, ಆದರೆ ಸಾಲುಗಳನ್ನು ಬಿಡಿಸಿ ನೋಡಿ: ಇಂಟೆಲ್‌ನಲ್ಲಿ ಎರಡನೆಯದು 1.07, ನಾಲ್ಕನೆಯದು 0.06. ಆರ್ಮ್‌ನಲ್ಲಿ 1.06 ಮತ್ತು 0.07. ಒಂದರ ತಪ್ಪು ಇನ್ನೊಂದರ ತಪ್ಪನ್ನು ಮುಚ್ಚಿದೆ. ಹಳೆಯ ವರದಿಗಳನ್ನು ಪರಿಶೀಲಿಸುವಾಗಲೂ ಮೊತ್ತ ಹೊಂದಿತು ಅಂತ ಬಿಡಬೇಡಿ, ಎರಡೂ ಕಡೆಯ ರೌಂಡ್ ಆದ ಸಾಲುಗಳನ್ನು ಫೈಲ್‌ಗೆ ಬರೆಸಿ ಡಿಫ್ (ಎರಡು ಫೈಲ್‌ಗಳ ವ್ಯತ್ಯಾಸ ತೋರಿಸುವ ಕಮಾಂಡ್) ಹಾಕಿ ನೋಡಿ.